ಸೂಜಿ ಚುಚ್ಚದೆ ಶುಗರ್ ಹೇಳುವ ವಾಚ್ ನಿಜವೇ? ಮೈಮೇಲಿನ ಸೆನ್ಸರ್‌ಗಳನ್ನು ಎಷ್ಟು ನಂಬಬೇಕು?

ವಾಟ್ಸಾಪ್ ಗುಂಪುಗಳಲ್ಲಿ ತಿರುಗುತ್ತಿರುವ ಒಂದು ಬಗೆಯ ಸಂದೇಶ ನಿಮಗೂ ಬಂದಿರಬಹುದು. ಈ ವಾಚ್ ಕಟ್ಟಿಕೊಂಡರೆ ಸಾಕು, ಬೆರಳಿಗೆ ಸೂಜಿ ಚುಚ್ಚಬೇಕಿಲ್ಲ, ಶುಗರ್ ಎಷ್ಟಿದೆ, ಬಿಪಿ ಎಷ್ಟಿದೆ, ಆಕ್ಸಿಜನ್ ಎಷ್ಟಿದೆ ಎಲ್ಲವೂ ಫೋನಿನಲ್ಲೇ ಬರುತ್ತದೆ ಎನ್ನುವ ಸಂದೇಶ. ಜೊತೆಗೆ ಬಿಳಿ ಕೋಟು ಹಾಕಿದವರ ಫೋಟೋ, ಅರ್ಧ ಬೆಲೆಯ ಆಫರ್, ಕೆಳಗೊಂದು ಲಿಂಕ್. ಊರಲ್ಲಿರುವ ಅಪ್ಪ ಅವ್ವನಿಗೆ ತರಿಸಿಕೊಡೋಣ ಎಂದು ದೂರದ ಊರುಗಳಲ್ಲಿ ಕೆಲಸ ಮಾಡುವ ಮಕ್ಕಳಿಗೆ ಅನ್ನಿಸುವುದು ಸಹಜ.

ಮೊದಲು ಚುಟುಕು ಉತ್ತರ ಕೊಟ್ಟುಬಿಡುತ್ತೇವೆ. ಚರ್ಮದ ಒಳಗೆ ಏನನ್ನೂ ತೂರಿಸದೆ, ತಾನೇ ರಕ್ತದ ಸಕ್ಕರೆ ಅಳೆಯುವ ವಾಚ್ ಅಥವಾ ಉಂಗುರ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಹೊರಡಿಸಿತು. ಅಂಥ ವಾಚ್ ನಂಬಿ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣ ಬದಲಿಸಿದರೆ ಪ್ರಾಣಕ್ಕೆ ಅಪಾಯ. ಹಾಗೆಂದು ಮೈಮೇಲಿನ ಸೆನ್ಸರ್‌ಗಳೆಲ್ಲ ಮೋಸವಲ್ಲ. ಕೆಲವು ನಿಜಕ್ಕೂ ಜೀವ ಉಳಿಸುತ್ತವೆ. ಯಾವುದು ಯಾವುದು ಎಂದು ಬೇರ್ಪಡಿಸಿ ನೋಡೋಣ.

ಸೆನ್ಸರ್ ಎಂದರೇನು?

ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದ್ದೀರಲ್ಲ? ಅಂಥ ಯಂತ್ರಗಳ ನೆತ್ತಿಯಲ್ಲಿ ಗಾಳಿಯ ವೇಗ ಅಳೆಯುವ ಪುಟ್ಟ ಸಾಧನ ಇರುತ್ತದೆ. ಅದರ ಲೆಕ್ಕ ದೂರದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಏನಾದರೂ ಹೆಚ್ಚುಕಮ್ಮಿಯಾದರೆ ಅಲ್ಲಿ ಕುಳಿತವರು ನೋಡಿ ಕ್ರಮ ಕೈಗೊಳ್ಳುತ್ತಾರೆ. ಮೈಗೆ ಕಟ್ಟುವ ಸೆನ್ಸರ್ ಕೂಡ ಇದೇ ಕ್ರಮದಲ್ಲಿ ಕೆಲಸ ಮಾಡುತ್ತದೆ. ಬೆಳಕು, ವಿದ್ಯುತ್ತು, ಒತ್ತಡ ಅಥವಾ ಕಂಪನ, ಇವುಗಳಲ್ಲಿ ಯಾವುದೋ ಒಂದನ್ನು ಸೆನ್ಸರ್ ಹಿಡಿಯುತ್ತದೆ. ಅದನ್ನು ಅಂಕಿಯಾಗಿ ಬದಲಿಸಿ ಬ್ಲೂಟೂತ್ ಮೂಲಕ ಹತ್ತಿರದ ಫೋನಿಗೆ ಕೊಡುತ್ತದೆ. ಫೋನು ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ, ಅಲ್ಲಿಂದ ವೈದ್ಯರಿಗೆ ಅಥವಾ ಮನೆಯವರಿಗೆ ತಲುಪಿಸುತ್ತದೆ.

ಇದು ಹೊಸ ವಿಚಾರವೂ ಅಲ್ಲ. ಹೃದಯದ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಸಿಜಿ ಯಂತ್ರವನ್ನು ರೂಪಿಸಿದ ನೆದರ್ಲೆಂಡ್ಸ್‌ನ ವಿಜ್ಞಾನಿ ವಿಲ್ಲೆಮ್ ಐಂಥೋವನ್ 1905ರಲ್ಲೇ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅವರಿಗೆ 1924ರ ನೊಬೆಲ್ ಪ್ರಶಸ್ತಿ ಬಂತು. ಆಗ ಕೋಣೆ ತುಂಬುವಷ್ಟಿದ್ದ ಯಂತ್ರ ಈಗ ಮಣಿಕಟ್ಟಿಗೆ ಬಂದಿದೆ.

ಅಳೆಯುವುದು ಬೇರೆ, ಅಂದಾಜು ಮಾಡುವುದು ಬೇರೆ

ಬಹಳ ಜನರಿಗೆ ಗೊಂದಲವಾಗುವುದು ಇಲ್ಲೇ. ವಾಚಿನ ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಮಣಿಕಟ್ಟಿನ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚಾಗುತ್ತದೆ, ಮರಳಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ ಸಿಕ್ಕಿತು. ಇದೇ ಬೆಳಕಿನ ಏರಿಳಿತದಿಂದ ಬಿಪಿ, ಒತ್ತಡ, ನಿದ್ದೆಯ ಗುಣಮಟ್ಟ ಎಂದೆಲ್ಲ ತೋರಿಸುವುದು ಲೆಕ್ಕಾಚಾರದ ಅಂದಾಜು.

ಕೆಲವರು ವಾಚನ್ನು ಬಾಳೆಹಣ್ಣಿಗೆ ಕಟ್ಟಿ, ಅದಕ್ಕೂ ನಾಡಿ ತೋರಿಸಿತು ಎಂದು ವಿಡಿಯೋ ಹಾಕಿದ್ದಾರೆ. ಅದು ಆಗುವಂಥದ್ದೇ. ಬೆಳಕಿನಲ್ಲಿ ಲಯ ಹುಡುಕುವ ಸಾಧನಕ್ಕೆ ತಾನು ಕುಳಿತಿರುವುದು ಕೈಯ ಮೇಲೋ ಹಣ್ಣಿನ ಮೇಲೋ ಗೊತ್ತಾಗುವುದಿಲ್ಲ. ಎಲ್ಲೋ ಬಂದ ಗದ್ದಲವನ್ನೇ ನಾಡಿ ಎಂದುಕೊಂಡು ಒಂದು ಅಂಕಿ ಕೊಟ್ಟುಬಿಡುತ್ತದೆ. ಪರದೆಯ ಮೇಲೆ ಅಂಕಿ ಬಂದ ಮಾತ್ರಕ್ಕೆ ಅಳತೆ ನಡೆದಿದೆ ಎನ್ನಲಾಗದು.

ಒಂದೊಂದಾಗಿ ನೋಡೋಣ.

ನಾಡಿ: ಸುಮ್ಮನೆ ಕುಳಿತಾಗ ಒಳ್ಳೆಯ ವಾಚುಗಳು ಸಾಕಷ್ಟು ಸರಿಯಾಗಿ ಹೇಳುತ್ತವೆ. ಓಡುವಾಗ, ಹೊಲದಲ್ಲಿ ಕೈಯಾಡಿಸಿ ಕೆಲಸ ಮಾಡುವಾಗ, ಪಟ್ಟಿ ಸಡಿಲವಿದ್ದಾಗ ತಪ್ಪು ಹೆಚ್ಚು.

ಆಕ್ಸಿಜನ್: ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಎರಡನ್ನೂ ಹಾಯಿಸಿ ಲೆಕ್ಕ ಹಾಕುವ ಈ ವಿಧಾನವನ್ನು 1970ರ ದಶಕದಲ್ಲಿ ಜಪಾನಿನ ತಕುವೊ ಅಓಯಾಗಿ ರೂಪಿಸಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೊರೊನಾ ಕಾಲದಲ್ಲಿ ಮನೆಮಾತಾಯಿತು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಓದು ತಪ್ಪುತ್ತದೆ. ಕಪ್ಪು ಚರ್ಮದವರಲ್ಲಿ ಆಕ್ಸಿಜನ್ ನಿಜಕ್ಕೂ ಕಡಿಮೆಯಿದ್ದರೂ ಆಕ್ಸಿಮೀಟರ್ ಸರಿಯಿದೆ ಎಂದು ತೋರಿಸುವ ಸಾಧ್ಯತೆ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಒಂದು ಅಧ್ಯಯನ ತೋರಿಸಿತು. ನಮ್ಮ ಚರ್ಮದ ಬಣ್ಣಕ್ಕೂ ಇದು ಸಂಬಂಧಿಸಿದ್ದೇ. ಉಸಿರಾಡಲು ಕಷ್ಟವಾಗುತ್ತಿದ್ದರೆ ಅಂಕಿ ಎಷ್ಟೇ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಬೇಕು.

ವಾಚಿನ ಇಸಿಜಿ: ಕೆಲವು ದುಬಾರಿ ವಾಚುಗಳ ಹಿಂಬದಿ ಮಣಿಕಟ್ಟಿಗೆ ತಾಗಿರುತ್ತದೆ, ಮತ್ತೊಂದು ಕೈಯ ಬೆರಳನ್ನು ಅಂಚಿಗೆ ಇಟ್ಟರೆ ಹೃದಯದ ವಿದ್ಯುತ್ ಅಲೆ ದಾಖಲಾಗುತ್ತದೆ. ಇದು ನಿಜವಾದ ಅಳತೆ. ಆದರೆ ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡಿದರೆ ವಾಚು ನೋಡುವುದು ಒಂದೇ ಕೋನದಿಂದ. ಬಡಿತದ ಲಯ ತಪ್ಪಿದ್ದನ್ನು ಅದು ಹಿಡಿಯಬಲ್ಲದು. ಹೃದಯಾಘಾತ ಆಗುತ್ತಿದೆಯೋ ಇಲ್ಲವೋ ಎಂದು ಹೇಳಲಾರದು.

ಬಿಪಿ: ತೋಳಿಗೆ ಸುತ್ತುವ ಪಟ್ಟಿಯ ಯಂತ್ರವೇ ಇಂದಿಗೂ ನಂಬಲರ್ಹ. ಬಿಪಿ ತೋರಿಸುವ ಹೆಸರಾಂತ ಕಂಪನಿಯ ವಾಚನ್ನು ಕೂಡ ನಾಲ್ಕು ವಾರಕ್ಕೊಮ್ಮೆ ತೋಳಿನ ಯಂತ್ರದ ಜೊತೆ ಹೊಂದಿಸಿಕೊಳ್ಳಿ ಎಂದು ಕಂಪನಿಯೇ ಹೇಳುತ್ತದೆ. ಹಾಗೆ ಹೊಂದಿಸಲು ಕೇಳದೆಯೇ ಬಿಪಿ ತೋರಿಸುವ ಅಗ್ಗದ ವಾಚಿನ ಅಂಕಿಗೆ ಆಧಾರವೇನು ಎಂದು ನೀವೇ ಯೋಚಿಸಿ.

ಶುಗರ್: ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಶುಗರ್ ಸೆನ್ಸರ್: ನಿಜವಾದದ್ದು ಹೇಗಿರುತ್ತದೆ?

ಐಸಿಎಂಆರ್ ನೆರವಿನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ದೊಡ್ಡ ಮಾರುಕಟ್ಟೆ ಇದ್ದಲ್ಲಿ ಸುಳ್ಳು ಸಾಧನಗಳೂ ಬರುತ್ತವೆ.

ನಿಜವಾದ ನಿರಂತರ ಶುಗರ್ ಸೆನ್ಸರ್ ತೋಳಿನ ಹಿಂಭಾಗಕ್ಕೆ ಅಂಟಿಸುವ, ನಾಣ್ಯಕ್ಕಿಂತ ತುಸು ದೊಡ್ಡ ಬಿಲ್ಲೆ. ಅದರ ಕೆಳಗೆ ಕೆಲವೇ ಮಿಲಿಮೀಟರ್ ಉದ್ದದ ಕೂದಲೆಳೆಯಂಥ ತಂತು ಚರ್ಮದ ಒಳಗೆ ಹೋಗುತ್ತದೆ. ಅದಕ್ಕೆ ಲೇಪಿಸಿದ ಕಿಣ್ವ ಸಕ್ಕರೆಯೊಡನೆ ವರ್ತಿಸಿದಾಗ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಸಕ್ಕರೆ ಹೆಚ್ಚಿದ್ದರೆ ಪ್ರವಾಹ ಹೆಚ್ಚು. ಇದರ ಓದು ಫೋನಿಗೆ ಬರುತ್ತದೆ. ಒಂದು ಬಿಲ್ಲೆ ಸಾಮಾನ್ಯವಾಗಿ ಎರಡು ವಾರ ಬಾಳುತ್ತದೆ, ಬೆಲೆ ಸಾವಿರಾರು ರೂಪಾಯಿ. ವಾಚಿನಲ್ಲಿ ಶುಗರ್ ಕಾಣಿಸುವುದು ಸಾಧ್ಯವೇ ಇಲ್ಲ ಎಂದಲ್ಲ. ಇಂಥ ಬಿಲ್ಲೆ ಹಾಕಿಕೊಂಡವರ ವಾಚಿನಲ್ಲಿ ಅದರ ಓದು ಕಾಣಿಸಬಹುದು. ಆಗ ಅಳೆಯುವುದು ತೋಳಿನ ಬಿಲ್ಲೆ, ವಾಚು ಬರೀ ಪರದೆ.

ಇದಕ್ಕೂ ಮಿತಿಗಳಿವೆ. ತಂತು ಇರುವುದು ರಕ್ತದಲ್ಲಲ್ಲ, ಜೀವಕೋಶಗಳ ನಡುವಿನ ದ್ರವದಲ್ಲಿ. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲು ಐದರಿಂದ ಹದಿನೈದು ನಿಮಿಷ ಬೇಕು. ಶುಗರ್ ಸರಸರನೆ ಇಳಿಯುತ್ತಿರುವಾಗ ಈ ತಡ ಮುಖ್ಯವಾಗುತ್ತದೆ. ರಾತ್ರಿ ಅದೇ ತೋಳಿನ ಮೇಲೆ ಮಲಗಿದರೆ ಶುಗರ್ ಇಳಿದಿದೆ ಎಂದು ತಪ್ಪು ಎಚ್ಚರಿಕೆ ಬರಬಹುದು. ಕೆಲವು ಸೆನ್ಸರ್‌ಗಳಲ್ಲಿ ವಿಟಮಿನ್ ಸಿ ಹೆಚ್ಚು ತೆಗೆದುಕೊಂಡರೂ ಓದು ತಪ್ಪುತ್ತದೆ. ಮೈಗೆ ಅನ್ನಿಸುವುದಕ್ಕೂ ಸೆನ್ಸರ್ ಹೇಳುವುದಕ್ಕೂ ತಾಳೆಯಾಗದಿದ್ದರೆ ಬೆರಳಿಗೆ ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಲೇಬೇಕು.

ಸುಳ್ಳು ವಾಚಿನಿಂದ ಆಗುವ ಅಪಾಯ ಏನೆಂದು ಒಂದು ಉದಾಹರಣೆಯಿಂದ ತಿಳಿಯಬಹುದು. ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬರ ಶುಗರ್ ನಿಜಕ್ಕೂ 60ಕ್ಕೆ ಇಳಿದಿದೆ ಎಂದುಕೊಳ್ಳಿ. ವಾಚು 180 ತೋರಿಸುತ್ತದೆ. ಬೆವರು, ನಡುಕ ಬಂದರೂ ಶುಗರ್ ಜಾಸ್ತಿಯಾಗಿದೆ ಎಂದುಕೊಂಡು ಅವರು ಇನ್ನಷ್ಟು ಇನ್ಸುಲಿನ್ ಚುಚ್ಚಿಕೊಂಡರೆ ಪ್ರಜ್ಞೆ ತಪ್ಪಿ ಬೀಳಬಹುದು, ಜೀವವೇ ಹೋಗಬಹುದು. ಶುಗರ್ 70ಕ್ಕಿಂತ ಇಳಿದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಒಬ್ಬೊಬ್ಬರ ಮೈ ಒಂದೊಂದು ಬಗೆ

ಹಾಗಾದರೆ ಈ ಸೆನ್ಸರ್‌ಗಳ ನಿಜವಾದ ಲಾಭವೇನು? ಎಲ್ಲರಿಗೂ ಒಂದೇ ಸಲಹೆ ಎನ್ನುವುದರ ಬದಲು, ಇವರಿಗೆ ಇದು ಎಂದು ಹೇಳಲು ಅನುಕೂಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು 800 ಜನರಿಗೆ ಇಂಥ ಶುಗರ್ ಸೆನ್ಸರ್ ಹಾಕಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಆಹಾರ ತಿಂದರೂ ಒಬ್ಬರ ಶುಗರ್ ತುಂಬಾ ಏರಿದರೆ ಇನ್ನೊಬ್ಬರದ್ದು ಅಷ್ಟಾಗಿ ಏರಲಿಲ್ಲ. ನಮ್ಮ ಊಟಕ್ಕೆ ಇದನ್ನು ಹೊಂದಿಸಿ ನೋಡಿ. ಎರಡು ಜೋಳದ ರೊಟ್ಟಿ, ಪಲ್ಯ ತಿಂದ ಇಬ್ಬರಲ್ಲಿ ಏರಿಕೆ ಬೇರೆ ಬೇರೆಯಾಗಿರಬಹುದು. ಸಂಜೆಯ ಮಿರ್ಚಿ ಮಂಡಕ್ಕಿ ಯಾರಿಗೆ ಎಷ್ಟು ಭಾರ ಎನ್ನುವುದೂ ಹಾಗೆಯೇ.

ಇದನ್ನು ತಿಳಿಯಲು ಎಲ್ಲರೂ ದುಬಾರಿ ಬಿಲ್ಲೆ ಅಂಟಿಸಿಕೊಳ್ಳಬೇಕಿಲ್ಲ. ಊಟಕ್ಕೆ ಮುಂಚೆ ಒಮ್ಮೆ, ಊಟ ಶುರು ಮಾಡಿದ ಎರಡು ಗಂಟೆಗೆ ಒಮ್ಮೆ ಗ್ಲುಕೋಮೀಟರಿನಲ್ಲಿ ನೋಡಿ, ಏನು ತಿಂದಿರಿ ಎಂದು ಪಕ್ಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿದರೂ ಬಹಳಷ್ಟು ತಿಳಿಯುತ್ತದೆ. ನಿರಂತರ ಸೆನ್ಸರ್ ಹೆಚ್ಚು ಉಪಯೋಗಕ್ಕೆ ಬರುವುದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಅದರಲ್ಲೂ ರಾತ್ರಿ ನಿದ್ದೆಯಲ್ಲಿ ಶುಗರ್ ಇಳಿಯುವವರಿಗೆ ಮತ್ತು ಟೈಪ್ 1 ಮಧುಮೇಹದ ಮಕ್ಕಳಿಗೆ.

ಎಚ್ಚರಿಕೆ ಬಂದರೆ ರೋಗ ಬಂದಂತೆಯೇ?

ಅಲ್ಲ. ಆ್ಯಪಲ್ ವಾಚ್ ಕಟ್ಟಿಕೊಂಡ ಸುಮಾರು 4 ಲಕ್ಷ 19 ಸಾವಿರ ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನಾಡಿ ಲಯ ತಪ್ಪಿದೆ ಎಂಬ ಎಚ್ಚರಿಕೆ ಬಂದದ್ದು 2,161 ಜನರಿಗೆ, ಅಂದರೆ ಸಾವಿರಕ್ಕೆ ಐದು ಜನರಿಗೆ. ಅವರಲ್ಲಿ ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಹಾಕಿಕೊಂಡು ಮರಳಿಸಿದ 450 ಜನರಲ್ಲಿ ಆಗ ಲಯದ ತೊಂದರೆ ಕಂಡದ್ದು ಶೇ. 34 ಮಂದಿಯಲ್ಲಿ. ಈ ತೊಂದರೆ ಬಂದು ಹೋಗುವಂಥದ್ದೂ ಹೌದು, ಹಾಗಾಗಿ ಉಳಿದವರ ಎಚ್ಚರಿಕೆಯೆಲ್ಲ ಸುಳ್ಳು ಎನ್ನಲೂ ಆಗದು. ಎಚ್ಚರಿಕೆ ಬಂದರೆ ಗಾಬರಿಯಾಗದೆ, ಕಡೆಗಣಿಸದೆ, ವೈದ್ಯರ ಬಳಿ ಸರಿಯಾದ ಇಸಿಜಿ ಮಾಡಿಸಬೇಕು.

ಭಯ ಎಷ್ಟು ಬೇಗ ಹರಡುತ್ತದೆ ಎನ್ನುವುದನ್ನು 2025ರಲ್ಲಿ ನೋಡಿದ್ದೇವೆ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಇಂಥ ಹೊತ್ತಿನಲ್ಲೇ ವಾಚಿನ ಜಾಹೀರಾತುಗಳಿಗೂ ಬೆಲೆ ಬರುತ್ತದೆ.

ಇನ್ನೊಂದು ತುದಿಯಲ್ಲಿ ಯಾರಿದ್ದಾರೆ?

ಸೆನ್ಸರ್ ಎಷ್ಟೇ ಒಳ್ಳೆಯದಿದ್ದರೂ ಅದರ ಮಾತು ಕೇಳಿ ಏನಾದರೂ ಮಾಡುವವರು ಇಲ್ಲದಿದ್ದರೆ ಪ್ರಯೋಜನ ಕಡಿಮೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು.

ಅದು ಕೆಲಸ ಮಾಡುವ ಬಗೆ ಹೀಗಿದೆ. ಎದೆನೋವೆಂದು ಬಂದವರಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಸಿಜಿ ಮಾಡುತ್ತಾರೆ. ಯಂತ್ರ ಇಂಟರ್ನೆಟ್‌ಗೆ ಜೋಡಣೆಯಾಗಿರುತ್ತದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಸಿಜಿಯನ್ನು ಓದಿ, ಹೃದಯಾಘಾತವೇ ಹೌದೇ ಎಂದು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತಾರೆ. ಹೌದಾದರೆ ರಕ್ತನಾಳದಲ್ಲಿನ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಇದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ನಂತರ ರೋಗಿಯನ್ನು ಜಯದೇವದಂಥ ದೊಡ್ಡ ಹೃದ್ರೋಗ ಆಸ್ಪತ್ರೆಗೆ ಕಳಿಸುತ್ತಾರೆ. ಆಯ್ದ ಆಸ್ಪತ್ರೆಗಳಲ್ಲಿ ಶುರುವಾದ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ 2025ರ ಜುಲೈನಲ್ಲಿ ಹೇಳಿತು.

ಬೆಂಗಳೂರಿನ ಡೋಜಿ ಎಂಬ ಕಂಪನಿಯ ಸಾಧನವೂ ಇದೇ ಬಗೆಯದು. ಸೆನ್ಸರ್ ಇರುವ ಹಾಳೆಯನ್ನು ಹಾಸಿಗೆಯ ಕೆಳಗೆ ಇಡುತ್ತಾರೆ. ಹೃದಯ ಬಡಿದಾಗ, ಉಸಿರಾಡಿದಾಗ ಮೈಯಲ್ಲಿ ಆಗುವ ಸೂಕ್ಷ್ಮ ಕಂಪನವನ್ನು ಅದು ಹಿಡಿಯುತ್ತದೆ. ವಾರ್ಡಿನ ರೋಗಿಯ ಸ್ಥಿತಿ ಹದಗೆಡುವ ಸೂಚನೆ ಕಂಡರೆ ಸಿಬ್ಬಂದಿಗೆ ತಿಳಿಸುತ್ತದೆ. ಎರಡೂ ಕಡೆ ಅಂಕಿಯನ್ನು ನೋಡಿ ಎದ್ದು ಬರುವ ನರ್ಸ್, ವೈದ್ಯರು ಇದ್ದಾರೆ.

ರಾಜೂರಿನಂಥ ಊರಿನಲ್ಲಿ ಹೇಗೆ?

ಈಗ ಗದಗ ಜಿಲ್ಲೆ ಗಜೇಂದ್ರಗಡ ತಾಲ್ಲೂಕಿನ ರಾಜೂರನ್ನೇ ತೆಗೆದುಕೊಳ್ಳೋಣ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇರುವ ಗದಗಕ್ಕೆ ಬಸ್ಸಿನಲ್ಲಿ ಗಂಟೆಗೂ ಹೆಚ್ಚು ದಾರಿ. ರೋಣ, ಗಜೇಂದ್ರಗಡ ಅದಕ್ಕಿಂತ ಹತ್ತಿರ. ಇಂಥ ಊರಿನಲ್ಲಿ ಬಿಪಿ, ಶುಗರ್ ಇರುವ ಅವ್ವ ಒಬ್ಬರೇ ಇದ್ದು, ಮಗ ಬೆಂಗಳೂರಿನಲ್ಲಿದ್ದರೆ ಅವ್ವನ ವಾಚಿನ ಅಂಕಿ ಮಗನ ಫೋನಿಗೆ ಬರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಬೇಕಾದವರು ಪಕ್ಕದ ಮನೆಯವರು. ಹಾಗಾಗಿ ವಾಚಿಗಿಂತ ಮುಂಚೆ ಈ ಐದು ಕೆಲಸ ಮಾಡಿ.

1. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹೃದಯ ಜ್ಯೋತಿ ಸೌಲಭ್ಯ ಇದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ಇಂದೇ ಕೇಳಿಟ್ಟುಕೊಳ್ಳಿ. ಎದೆನೋವು ಬಂದ ಮೇಲೆ ಹುಡುಕುವುದಲ್ಲ.

2. ಪಕ್ಕದ ಮನೆಯ ಇಬ್ಬರ ನಂಬರ್, 108, ಔಷಧಿಗಳ ಪಟ್ಟಿ, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

3. ತೋಳಿನ ಬಿಪಿ ಯಂತ್ರ ಮತ್ತು ಗ್ಲುಕೋಮೀಟರ್ ತಂದುಕೊಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೆ ಬಿಪಿ ನೋಡಬೇಕು. ಅದಕ್ಕೆ ಅರ್ಧ ಗಂಟೆ ಮುಂಚೆ ಚಹಾ, ತಂಬಾಕು ಬೇಡ.

4. ಮನೆ ಬಾಗಿಲಿಗೆ ಬರುವ ತಪಾಸಣೆ ಬಿಡಬೇಡಿ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುತ್ತಾರೆ.

5. ನಿರಂತರ ಸೆನ್ಸರ್ ಹಾಕಿಸಿದ್ದರೆ ನೆಟ್‌ವರ್ಕ್ ಇಲ್ಲದಾಗ, ಫೋನಿನ ಚಾರ್ಜ್ ಮುಗಿದಾಗ ದೂರದವರಿಗೆ ಎಚ್ಚರಿಕೆ ಹೋಗುವುದಿಲ್ಲ ಎನ್ನುವುದು ನೆನಪಿರಲಿ. ಒಂದು ಗುಂಡಿ ಬಿಡದೆ ದಿನಕ್ಕೆರಡು ಸಲ ಫೋನ್ ಮಾಡುವುದು ಈಗಲೂ ಬೇಕು.

ಎದೆ ಹಿಂಡಿದಂತಾಗುವುದು, ನೋವು ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹಬ್ಬುವುದು, ತಣ್ಣನೆಯ ಬೆವರು, ಉಸಿರುಗಟ್ಟುವುದು, ಇವು ಕಂಡರೆ ವಾಚ್ ನೋಡುತ್ತ ಕೂರಬೇಡಿ. ಮಧುಮೇಹ ಇರುವವರಲ್ಲಿ ಮತ್ತು ಹೆಂಗಸರಲ್ಲಿ ಎದೆನೋವು ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆಯಾಗಿಯೂ ಹೃದಯಾಘಾತ ಬರಬಹುದು. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಕಾಯುವ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ನಿಮ್ಮ ಅಂಕಿ ಯಾರ ಕೈಯಲ್ಲಿ?

ನಿಮ್ಮ ನಾಡಿ, ನಿದ್ದೆ, ಶುಗರಿನ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿ ಕೂರುತ್ತದೆ. ಲಿಂಕ್ ಒತ್ತಿ ಇಳಿಸಿಕೊಂಡ ಹೆಸರಿಲ್ಲದ ಆ್ಯಪ್ ನಿಮ್ಮ ಫೋನ್‌ಬುಕ್, ಫೋಟೋ, ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಕೊಡಬೇಡಿ. ನಾಡಿ ಎಣಿಸಲು ಅವು ಯಾವುವೂ ಬೇಕಿಲ್ಲ. ನಿಮ್ಮ ಒಪ್ಪಿಗೆ ಪಡೆಯಬೇಕು, ನೀವು ಕೇಳಿದರೆ ಮಾಹಿತಿ ಅಳಿಸಬೇಕು ಎನ್ನುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಆದರೆ ವಿಳಾಸವೇ ಇಲ್ಲದ ಕಂಪನಿಯನ್ನು ಹಿಡಿಯುವುದು ಕಷ್ಟ.

ಕೊಳ್ಳುವ, ಫಾರ್ವರ್ಡ್ ಮಾಡುವ ಮುನ್ನ

ಚರ್ಮದೊಳಗೆ ಏನೂ ಹೋಗದೆ ಶುಗರ್ ಹೇಳುತ್ತದೆ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಕಳಿಸಬೇಡಿ.

ಪೆಟ್ಟಿಗೆಯ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ, ಇದು ವೈದ್ಯಕೀಯ ಬಳಕೆಗಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿದೆಯೇ ನೋಡಿ. ಜಾಹೀರಾತಿನಲ್ಲಿ ದೊಡ್ಡದಾಗಿ ಹೇಳಿದ್ದನ್ನು ಅಲ್ಲಿ ಸಣ್ಣದಾಗಿ ಅಲ್ಲಗಳೆದಿರುತ್ತಾರೆ.

ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ನಿಯಮದಡಿ ಬರುತ್ತವೆ. ಲೈಸೆನ್ಸ್ ಸಂಖ್ಯೆ, ತಯಾರಕರ ಅಥವಾ ಆಮದುದಾರರ ವಿಳಾಸ ಇಲ್ಲದ್ದನ್ನು ಕೊಳ್ಳಬೇಡಿ.

ಆಗಲೇ ಕೊಂಡುಬಿಟ್ಟಿದ್ದರೆ ಹೆಜ್ಜೆ ಎಣಿಸಲು, ನಾಡಿ ನೋಡಲು, ಮಾತ್ರೆಯ ಹೊತ್ತಿಗೆ ಅಲಾರಂ ಇಡಲು ಬಳಸಿ. ಅದು ತೋರಿಸುವ ಶುಗರ್ ನೋಡಿ ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿಸಬೇಡಿ. ಆ ವಾಚಿನ ಅಂಕಿ ನಂಬಿ ಯಾರಾದರೂ ಔಷಧಿ ಬದಲಿಸಿದ್ದು ನಿಮಗೆ ಗೊತ್ತಿದ್ದರೆ ಇಂದೇ ಅವರಿಗೆ ಫೋನ್ ಮಾಡಿ, ಒಮ್ಮೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಲು ಹೇಳಿ.